ಬಿಡಾರದ ಬಂಡಿಗೆ ವಿದ್ಯುತ್ತು ಕೊಡುವ ಮುನ್ನ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಗೃಹಸ್ಥರು ಮನೆಯಂತಹ ಬಂಡಿಯೊಂದನ್ನು ಮೋಟಾರಿನ ಹಿಂದೆ ಕಟ್ಟಿಕೊಂಡು ಸಂಸಾರಸಮೇತರಾಗಿ ಪ್ರವಾಸ ಹೋಗುವುದುಂಟು. ಟ್ರೈಲರ್ ಎಂಬ ಈ ಬಂಡಿಗೆ ಬಿಡಾರದ ಬಯಲುಗಳಲ್ಲಿ ಕಂಬವೊಂದರಿಂದ ವಿದ್ಯುತ್ತು ದೊರೆಯುತ್ತದೆ. ಅಲ್ಲಿ ನೆಲಸಿರುವ ಕನ್ನಡಿಗರಿಗೂ ಉಪಯೋಗವಾದೀತೆಂದು ಈ ವಿಷಯವನ್ನು ವಾಚಕರ ಮುಂದಿಡುತ್ತೇವೆ.

ಅಪಾಯದ ಮೂಲವೇನು? ಬಂಡಿಯ ಚೌಕಟ್ಟು ಲೋಹದ್ದು. ನಿಂತಿರುವುದು ರಬ್ಬರಿನ ಚಕ್ರಗಳ ಮೇಲೆ. ಕಂಬದಲ್ಲಿ ಭೂಸಂಪರ್ಕದ ತಂತಿ ಕಡಿದಿದ್ದು, ಬಂಡಿಯೊಳಗೆ ವಿದ್ಯುತ್ತು ಸೋರಿದರೆ, ಅದು ಹೋಗಲು ದಾರಿ ಕಾಣದೆ ಲೋಹದಲ್ಲಿಯೇ ನಿಲ್ಲುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಿನಿಂದ ನಿಂತು ಬಾಗಿಲು ಮುಟ್ಟಿದ ಮಗುವಿನ ದೇಹವೇ ಆಗ ಆ ದಾರಿಯಾಗುತ್ತದೆ. ಕಂಬದ ಬ್ರೇಕರು 30 ಆಂಪಿಯರು ಮೀರಿದ ಹೊರತು ಬೀಳದು. ಪ್ರಾಣಹಾನಿಗೆ ಆಂಪಿಯರಿನ ಹತ್ತರಲ್ಲೊಂದು ಪಾಲೇ ಸಾಕು.

ಆದಕಾರಣ ಕ್ರಮವರಿತು ನಡೆಯತಕ್ಕದ್ದು. ಮೊದಲು ಬ್ರೇಕರನ್ನು ಆರಿಸಿ, ಸಾಕೆಟ್ಟಿನಲ್ಲಿ ಸುಟ್ಟ ಕಲೆ, ಬಿರುಕು, ಸಡಿಲಿಕೆಗಳಿವೆಯೇ ಎಂದು ನೋಡಬೇಕು. ಇದ್ದರೆ ಬೇರೆ ಸ್ಥಳವನ್ನು ಕೇಳುವುದೇ ಲೇಸು. ಬಳಿಕ ಆ ಸಾಕೆಟ್ಟಿಗೆ ತಕ್ಕ ಪರೀಕ್ಷಾಯಂತ್ರವನ್ನು ಸಿಕ್ಕಿಸಿ ಬ್ರೇಕರನ್ನು ಹಾಕಬೇಕು. 30 ಆಂಪಿಯರಿನದರಲ್ಲಿ ಸುಮಾರು 120 ವೋಲ್ಟು ತೋರಬೇಕು. 50 ಆಂಪಿಯರಿನದರಲ್ಲಿ ಎರಡು ಫೇಸ್ ತಂತಿಗಳ ನಡುವೆ 240, ಒಂದೊಂದಕ್ಕೂ ನ್ಯೂಟ್ರಲಿಗೂ ನಡುವೆ 120. ಈ ನ್ಯೂಟ್ರಲ್ ಕಡಿದಿದ್ದರೆ ಕೆಲವು ಉಪಕರಣಗಳಿಗೆ ಮಿತಿಮೀರಿದ ವೋಲ್ಟು ಹರಿದು ಅವು ಸುಟ್ಟುಹೋಗುವುವು. ಭೂಸಂಪರ್ಕ ತಪ್ಪಿದ್ದರೆ ಯಂತ್ರದ ದೀಪಗಳೇ ತಿಳಿಸುತ್ತವೆ.

ಎಲ್ಲವೂ ಸರಿಯಿದ್ದರೆ ಬ್ರೇಕರನ್ನು ಮತ್ತೆ ಆರಿಸಿ, ಬಂಡಿಯ ಕೇಬಲನ್ನು ಸಿಕ್ಕಿಸಿ, ಆಮೇಲೆ ಹಾಕಬೇಕು. ಹೊರಡುವಾಗಲೂ ಆರಿಸಿಯೇ ಕೀಳತಕ್ಕದ್ದು. ಬಾಗಿಲು ಮುಟ್ಟಿದ ಕೈ ಜುಮ್ಮೆಂದರೆ ಉಪೇಕ್ಷಿಸದೆ, ಮಕ್ಕಳನ್ನು ದೂರವಿರಿಸಿ, ಕಂಬದಲ್ಲಿ ವಿದ್ಯುತ್ತನ್ನು ಆರಿಸಿ, ಬಲ್ಲವರನ್ನು ಕರೆಸಬೇಕು.

ನಮ್ಮ ಹಿರಿಯರು ಕಡಾಣಿಯನ್ನು ನೋಡದೆ ಗಾಡಿ ಹೂಡುತ್ತಿರಲಿಲ್ಲ. ಬಂಡಿ ಬದಲಾಯಿತು, ಎಚ್ಚರಿಕೆ ಬದಲಾಗಬೇಕಿಲ್ಲ.