ಹೊಗೆಗೆ ಬಣ್ಣವಿದೆ, ನಡುಕಕ್ಕೆ ಲೆಕ್ಕವಿದೆ

ಡೊಂಬಿವಲಿಯ ಓದುಗರೊಬ್ಬರ ಪ್ರಶ್ನೆ: "ನಮ್ಮದು ಹತ್ತು ವರ್ಷದ ಡೀಸೆಲ್ ಕಾರು. ಮುಂಬ್ರಾ ಬೈಪಾಸ್ ಏರುವಾಗ ಹಿಂದೆ ಕಪ್ಪು ಹೊಗೆ, ಪಿಕಪ್ ಇಲ್ಲ. ಶಿಳ್‌ಫಾಟಾದ ಟ್ರಾಫಿಕ್‌ನಲ್ಲಿ ನಿಂತರೆ ಸ್ಟಿಯರಿಂಗ್ ಸಮೇತ ನಡುಗುತ್ತದೆ. ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ಬದಲಿಸಲೇ?"

ಸದ್ಯಕ್ಕೆ ಬೇಡ. ನಿಮ್ಮ ಪ್ರಶ್ನೆಯಲ್ಲೇ ಸುಳಿವಿದೆ. ಹೊಗೆ ಬರುವುದು ಏರಿನಲ್ಲಿ, ನಡುಕ ಬರುವುದು ನಿಂತಾಗ. ಇವೆರಡೂ ಒಂದೇ ಕಾಯಿಲೆ ಎಂದು ಯಾರು ಹೇಳಿದರು?

ಕಪ್ಪು ಹೊಗೆ ಎಂದರೆ ಗಾಳಿ ಸಾಲದೆ ಅರ್ಧಂಬರ್ಧ ಉರಿದ ಡೀಸೆಲ್‌ನ ಮಸಿ. ಕಲ್ಯಾಣದ ಡೀಸೆಲ್ ಶೆಡ್‌ನ ಹಳೆಯ ಆಲ್ಕೊ ಲೋಕೋಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹದಿನಾರು ಸಿಲಿಂಡರಿನ ಆ ದೈತ್ಯ ಗಾಡಿ ಎಳೆಯಲು ಹೊರಟಾಗ ಆಕಾಶಕ್ಕೆ ಕಪ್ಪು ಕಂಬ ಏಳುತ್ತಿತ್ತು. ಡೀಸೆಲ್ ತಕ್ಷಣ ಹೆಚ್ಚುತ್ತದೆ, ಗಾಳಿ ತಳ್ಳುವ ಟರ್ಬೊ ವೇಗ ಹಿಡಿಯಲು ಹೊತ್ತು ತೆಗೆದುಕೊಳ್ಳುತ್ತದೆ, ನಡುವಿನ ಅಂತರವೆಲ್ಲ ಹೊಗೆ. ಎಂಜಿನ್ ಹಾಳಾಗಿದೆ ಎಂದು ಅದರ ಅರ್ಥವಾಗಿರಲಿಲ್ಲ.

ನಿಮ್ಮ ಕಾರಿನಲ್ಲಿ ನನ್ನ ಮೊದಲ ಅನುಮಾನ ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನ ಮೇಲೆ. ಗಾಳಿ ಅಳೆಯುವ ಸೆನ್ಸರ್ ಇರುವುದು ಟರ್ಬೊಗಿಂತ ಹಿಂದೆ, ಏರ್ ಫಿಲ್ಟರಿನ ಬಳಿ. ಹೋಸು ಸೀಳಿದ್ದರೆ ಅಳೆದ ಗಾಳಿ ದಾರಿಯಲ್ಲೇ ಸೋರುತ್ತದೆ. ಎಂಜಿನ್ನಿನ ಕಂಪ್ಯೂಟರಿಗೆ ಅದು ಗೊತ್ತಾಗುವುದಿಲ್ಲ, ಪೂರ್ತಿ ಗಾಳಿಗೆ ತಕ್ಕಷ್ಟು ಡೀಸೆಲ್ ಹಾಕಿಬಿಡುತ್ತದೆ. ಫಲ, ಮಸಿ. ನಿಂತಾಗ ಟರ್ಬೊ ಒತ್ತಡವೇ ಇರುವುದಿಲ್ಲವಾದ್ದರಿಂದ ಹೊಗೆಯೂ ಇಲ್ಲ. ಕ್ಲಾಂಪಿನ ಬುಡದಲ್ಲಿ ಎಣ್ಣೆಯ ಕಲೆ, ಏರಿನಲ್ಲಿ ಸುಯ್ ಎನ್ನುವ ಸದ್ದು ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಎರಡನೇ ಅನುಮಾನ ಇಜಿಆರ್ ವಾಲ್ವ್. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಈ ಬಾಗಿಲು ಕಲ್ಯಾಣ್-ಶಿಳ್ ರಸ್ತೆಯಂಥ ತೆವಳುವ ಟ್ರಾಫಿಕ್‌ನಲ್ಲಿ ಮಸಿ ಮೆತ್ತಿಕೊಂಡು ಅರೆತೆರೆದೇ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನು ನಡುಕ. ಡೀಸೆಲ್ ಎಂಜಿನ್ನಿನ ಬಗ್ಗೆ ನನಗೆ ಅತ್ಯಂತ ಪ್ರೀತಿಯ ವಿಷಯ ಇದೇ.

ನಿಂತ ಕಾರಿನ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರ್, ಪ್ರತಿ ಅರ್ಧ ಸುತ್ತಿಗೊಂದು ಉರಿ. ಅಂದರೆ ಸೆಕೆಂಡಿಗೆ ಇಪ್ಪತ್ತಾರೇಳು ಸಲ. ಒಂದೊಂದು ಸಲ ಇಂಜೆಕ್ಟರ್ ಚಿಮ್ಮಿಸುವುದು ಬರೀ ನಾಲ್ಕೈದು ಮಿಲಿಗ್ರಾಂ ಡೀಸೆಲ್, ಅದೂ ಕೂದಲಿಗಿಂತ ಸ್ವಲ್ಪವೇ ದಪ್ಪನೆಯ ರಂಧ್ರಗಳಿಂದ. ಒಂದೇ ಒರಳಿಗೆ ಸರದಿಯಂತೆ ಒನಕೆ ಹಾಕುವ ನಾಲ್ವರಲ್ಲಿ ಒಬ್ಬಳ ಕೈ ಸೋತರೆ ಲಯ ಹೇಗೆ ಕೆಡುತ್ತದೋ, ಒಂದು ಸಿಲಿಂಡರ್ ಸೋತರೆ ಕಾರು ಹಾಗೆ ನಡುಗುತ್ತದೆ.

ಸೋತದ್ದು ಯಾವುದು ಎಂದು ಕಂಪ್ಯೂಟರಿಗೆ ಗೊತ್ತು! ಕ್ರ್ಯಾಂಕ್ ಶಾಫ್ಟಿನ ಜೊತೆ ಹಲ್ಲಿನ ಚಕ್ರವೊಂದು ತಿರುಗುತ್ತಿರುತ್ತದೆ. ಬಹಳಷ್ಟು ಕಾರುಗಳಲ್ಲಿ 60 ಹಲ್ಲಿನ ಜಾಗದಲ್ಲಿ 58 ಹಲ್ಲು. ಖಾಲಿ ಬಿಟ್ಟ ಎರಡರ ಜಾಗವೇ ಸುತ್ತಿನ ಗುರುತು. ನಿಂತ ಕಾರಿನಲ್ಲಿ ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಸೆಕೆಂಡಿನ 800ರಲ್ಲಿ ಒಂದು ಭಾಗದಷ್ಟು ಹೊತ್ತು. ಸಿಲಿಂಡರ್ ಬಲವಾಗಿ ತಳ್ಳಿದರೆ ಆ ಹಲ್ಲುಗಳು ತುಸು ಬೇಗ, ಸೋತರೆ ತುಸು ತಡ. ಸೆನ್ಸರ್ ಆ ತಡವನ್ನು ಹಿಡಿಯುತ್ತದೆ. ಕಂಪ್ಯೂಟರ್ ಸೋತ ಸಿಲಿಂಡರಿಗೆ ಮಿಲಿಗ್ರಾಮಿನ ಚೂರು ಹೆಚ್ಚು ಡೀಸೆಲ್ ಕೊಡುತ್ತದೆ, ಗಟ್ಟಿಯಾದದ್ದಕ್ಕೆ ಚೂರು ಕಡಿಮೆ. ನಾವು ಟ್ರಾಫಿಕ್‌ಗೆ ಬೈಯುತ್ತ ಕುಳಿತಿರುವಾಗ ಬಾನೆಟ್ ಕೆಳಗೆ ಈ ನ್ಯಾಯ ಹಂಚಿಕೆ ನಡೆದೇ ಇರುತ್ತದೆ. ಕೊಟ್ಟು ಕಳೆದ ಲೆಕ್ಕ ಸ್ಕ್ಯಾನರಿನಲ್ಲಿ ಪ್ಲಸ್ ಮೈನಸ್ ಅಂಕಿಗಳಾಗಿ ಕಾಣುತ್ತದೆ. ಮೂರು ಅಂಕಿ ಸೊನ್ನೆಯ ಸುತ್ತ ಇದ್ದು ಒಂದು ಮಾತ್ರ ದೂರ ಓಡಿದ್ದರೆ, ಉಳಿದ ಮೂರು ಇಂಜೆಕ್ಟರ್‌ಗಳ ತಪ್ಪೇನು?

ಆ ಒಂದರದ್ದೂ ತಪ್ಪಿಲ್ಲದಿರಬಹುದು. ಸಿಲಿಂಡರಿನ ಕಂಪ್ರೆಷನ್ ಇಳಿದಿದ್ದರೂ ಅಂಕಿ ಹೀಗೇ ಓಡುತ್ತದೆ. ಅದಕ್ಕೇ ಬಾಟಲಿ ಪರೀಕ್ಷೆ. ನಾಲ್ಕೂ ಇಂಜೆಕ್ಟರಿನ ರಿಟರ್ನ್ ಪೈಪುಗಳನ್ನು ನಾಲ್ಕು ಪುಟ್ಟ ಬಾಟಲಿಗಳಿಗೆ ಇಳಿಬಿಟ್ಟು ಎಂಜಿನ್ ಓಡಿಸುತ್ತಾರೆ. ಸವೆದ ಇಂಜೆಕ್ಟರಿನ ಬಾಟಲಿ ಉಳಿದವುಗಳಿಗಿಂತ ಬೇಗ ತುಂಬುತ್ತದೆ. ಜೊತೆಗೆ ಕಂಪ್ರೆಷನ್ನೂ ನೋಡಿಸಿ.

ಬೇರೆ ಬಣ್ಣಗಳ ಮಾತು ಚುಟುಕಾಗಿ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಟರ್ಬೊ ಸೀಲ್ ಅಥವಾ ಪಿಸ್ಟನ್ ರಿಂಗ್. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ ಕೂಲೆಂಟ್ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಕಾರು ಓಡಿಸಬೇಡಿ. ಮಳೆಗಾಲದಲ್ಲಿ ಡೀಸೆಲ್ ಫಿಲ್ಟರಿನ ತಳದ ಸ್ಕ್ರೂ ಸಡಿಲಿಸಿ ನೀರು ತೆಗೆಸಿ. ಡೀಸೆಲ್ಲೇ ಇಂಜೆಕ್ಟರಿಗೆ ಎಣ್ಣೆ, ನೀರು ಅದಕ್ಕೆ ವಿಷ. 2020ರ ಏಪ್ರಿಲ್ 1ರ ನಂತರದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಮಸಿ ಹೊಗೆ ಕೊಳವೆಯ ಫಿಲ್ಟರಿನಲ್ಲೇ ಉಳಿದು ಸುಮಾರು 600 ಡಿಗ್ರಿ ಶಾಖದಲ್ಲಿ ಸುಟ್ಟುಹೋಗಬೇಕು. ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ತೆವಳಿದರೆ ಅಷ್ಟು ಶಾಖ ಸಿಗದು. ಪನ್ವೇಲ್ ದಾಟಿ ಊರಿನ ಕಡೆ ಹೊರಟರೆ ಸಿಗುತ್ತದೆ.

ಬಂಪರಿಗೆ ನಿಂಬೆ-ಮೆಣಸಿನಕಾಯಿ ಕಟ್ಟುವವರೊಂದಿಗೆ ನನ್ನ ಜಗಳವಿಲ್ಲ. ಅದರಿಂದ ಎಂಜಿನ್ನಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಷ್ಟ ಮಾಡುವ ಮೂಢನಂಬಿಕೆ ಬೇರೆ ಇದೆ. ಬೆಳಿಗ್ಗೆ ಸೊಸೈಟಿಯ ಪಾರ್ಕಿಂಗಿನಲ್ಲಿ ಹತ್ತು ನಿಮಿಷ ಎಂಜಿನ್ 'ಬಿಸಿ ಮಾಡುವುದು'. ನಿಂತು ಓಡುವ ಡೀಸೆಲ್ ಎಂಜಿನ್ ಬಿಸಿಯಾಗುವುದೇ ನಿಧಾನ. ಅಷ್ಟು ಹೊತ್ತು ಅದು ಮಸಿ ಕಟ್ಟುತ್ತಿರುತ್ತದೆ, ಮೊದಲ ಮಹಡಿಯ ಮಕ್ಕಳು ಆ ಹೊಗೆ ಕುಡಿಯುತ್ತಾರೆ. ನಮ್ಮ ಕರಾವಳಿಯ ಸೆಕೆಗೆ ಅರ್ಧ ನಿಮಿಷ ಧಾರಾಳ ಸಾಕು, ಆಮೇಲೆ ಮೆಲ್ಲಗೆ ಓಡಿಸಿ.

ಹಾಗಾಗಿ ಡೊಂಬಿವಲಿಯ ಮಿತ್ರರೇ, ಮೊದಲು ಹೋಸು ನೋಡಿಸಿ, ಆಮೇಲೆ ಇಜಿಆರ್. ನಡುಕಕ್ಕೆ ಸ್ಕ್ಯಾನರಿನ ನಾಲ್ಕು ಅಂಕಿ ಬರೆಸಿಕೊಳ್ಳಿ, ಬಾಟಲಿಗಳನ್ನು ಎದುರು ನಿಂತು ನೋಡಿ. ಅಂಕಿ ತೋರಿಸದ ಗ್ಯಾರೇಜಿಗೆ ನಾಲ್ಕು ಇಂಜೆಕ್ಟರಿನ ಹಣ ಕೊಡಬೇಡಿ.