ಮೆಡಿಕಲ್ ಸೀಟು ಸಿಕ್ಕಿತು, ಫೀಸಿಗೆ ದಾರಿ ಯಾವುದು?

ಸಿಂಧನೂರಿನ ಭತ್ತದ ಗದ್ದೆಗೆ ಕೂಲಿಗೆ ಹೋಗುವವರ ಮನೆಯಲ್ಲಾಗಲಿ, ಮಸ್ಕಿಯ ಒಣಬೇಸಾಯದ ಮನೆಯಲ್ಲಾಗಲಿ, ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಬಂತೆಂದರೆ ಸಂಭ್ರಮದ ಬೆನ್ನಿಗೇ ಫೀಸಿನ ಚಿಂತೆ ಶುರುವಾಗುತ್ತದೆ. ಹೊಲ ಒತ್ತೆ ಇಡುವ ಮಾತು ಬರುತ್ತದೆ. ಆದರೆ ಸಾಲ ಕೊನೆಯ ಮೆಟ್ಟಿಲು. ಮೊದಲು ಖರ್ಚು ತಗ್ಗಿಸಬೇಕು, ಆಮೇಲೆ ಸಹಾಯಧನ ಹುಡುಕಬೇಕು, ಉಳಿದದ್ದಕ್ಕಷ್ಟೇ ಸಾಲ.

ಮೊದಲ ಮೆಟ್ಟಿಲು: 371ಜೆ

ದೊಡ್ಡ ಉಳಿತಾಯ ಆಗುವುದು ಸರ್ಕಾರಿ ಸೀಟಿನಿಂದ. ಸಂವಿಧಾನದ 371ಜೆ ವಿಧಿಯಡಿ 2013ರಲ್ಲಿ ಹೊರಟ ಆದೇಶದಂತೆ, ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ರಾಜ್ಯದ ಪಾಲಿನ ಸೀಟುಗಳಲ್ಲಿ ಶೇ 70 ಸ್ಥಳೀಯರಿಗೆ ಮೀಸಲು. ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. 2007ರಲ್ಲಿ ಶುರುವಾದ ರಾಯಚೂರಿನ ರಿಮ್ಸ್ ಅಲ್ಲದೆ ಬೀದರ್, ಕಲಬುರಗಿ, ಯಾದಗಿರಿ, ಕೊಪ್ಪಳ, ಬಳ್ಳಾರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಈ ಮೀಸಲಾತಿಗೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಸಿಂಧನೂರು, ಮಸ್ಕಿ ತಾಲ್ಲೂಕುಗಳಿಗೆ ಆ ಕಚೇರಿ ಇರುವುದು ಲಿಂಗಸುಗೂರಿನಲ್ಲಿ.

ಎರಡನೆಯದು: ಸಹಾಯಧನ

ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರದ ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ಕೇಂದ್ರ ಪುರಸ್ಕೃತ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ‘ವಿದ್ಯಾಸಿರಿ’ ಯೋಜನೆ ವರ್ಷಕ್ಕೆ ಹತ್ತು ತಿಂಗಳು ಊಟ, ವಸತಿ ಖರ್ಚು ಕೊಡುತ್ತದೆ. ರೈತರ ಮಕ್ಕಳಿಗಾಗಿ 2021ರಲ್ಲಿ ‘ರೈತ ವಿದ್ಯಾನಿಧಿ’ ಬಂತು. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕುವುದು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ.

ಅರ್ಜಿ ಎಡವುವುದು ಸಣ್ಣ ವಿಷಯಕ್ಕೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಬಸವರಾಜ’, ಆಧಾರ್‌ನಲ್ಲಿ ‘ಬಸಪ್ಪ’ ಎಂದಿದ್ದರೆ ಅರ್ಜಿ ಮುಂದೆ ಸಾಗದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ಮಂಜೂರಾದ ಹಣವೂ ಖಾತೆಗೆ ಬೀಳದು. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ, ‘ಆರ್‌ಡಿ’ ಎಂದು ಶುರುವಾಗುವ ಸಂಖ್ಯೆಯನ್ನು ಒಂದಂಕಿಯೂ ತಪ್ಪದಂತೆ ತುಂಬಬೇಕು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ವಾಯಿದೆ. ಹಳೆಯದನ್ನೇ ಹಿಡಿದು ಹೋಗುವ ಮುನ್ನ ದಿನಾಂಕ ನೋಡಿಕೊಳ್ಳಿ.

ಕೊನೆಯದು: ಸಾಲ

ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಯೋಜನೆಯಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಶೇ 2ರ ಬಡ್ಡಿಗೆ ಸಾಲ ಸಿಗುತ್ತದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವೂ ಇದೇ ಹೆಸರಿನಲ್ಲಿ ಸಾಲ ಕೊಡುತ್ತದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಪಿಎಂ ವಿದ್ಯಾಲಕ್ಷ್ಮಿ’ಯಡಿ ಆಯ್ದ ಕಾಲೇಜುಗಳಿಗೆ ಸೇರಿದವರಿಗೆ ಅಡಮಾನವೂ ಜಾಮೀನೂ ಇಲ್ಲದೆ ಬ್ಯಾಂಕ್ ಸಾಲವಿದೆ. ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಬೇಕು.

ಒಂದು ಎಚ್ಚರ: ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಸೀಟು ಹಂಚಿದ ಮೇಲೆ ಫೀಸು ಕಟ್ಟಲು ಸಿಗುವುದು ಕೆಲವೇ ದಿನ. ವಿದ್ಯಾರ್ಥಿವೇತನ ಬರುವುದು ತಿಂಗಳುಗಳ ನಂತರ. ಈ ನಡುವಿನ ಅಂತರದಲ್ಲೇ ಬಡವರ ಮಕ್ಕಳು ಮೀಟರ್ ಬಡ್ಡಿಯವರ ಕೈಗೆ ಸಿಕ್ಕುತ್ತಾರೆ. ಹಾಗಾಗಿ ಕಾಗದಪತ್ರದ ಕೆಲಸ ನೀಟ್ ಫಲಿತಾಂಶಕ್ಕೆ ಕಾಯಬಾರದು. ಮಗ ಅಥವಾ ಮಗಳು ದ್ವಿತೀಯ ಪಿಯುಸಿಗೆ ಕಾಲಿಟ್ಟ ವರ್ಷವೇ ನಾಡಕಚೇರಿ, ಲಿಂಗಸುಗೂರಿನ ಕಚೇರಿ, ಬ್ಯಾಂಕು ಮೂರನ್ನೂ ಮುಗಿಸಿಕೊಳ್ಳಿ.