ವೈಸ್‌ರಾಯ್‌ಗೆ ಫೋನ್ ಇದ್ದ ಮಣ್ಣಿನ ಮನೆ

ನಾಗಪುರಕ್ಕೆ ಹೋದವರು ದೀಕ್ಷಾಭೂಮಿ ನೋಡಿ, ಒಂದು ಚೀಲ ಕಿತ್ತಳೆ ಕಟ್ಟಿಸಿಕೊಂಡು ರೈಲು ಹತ್ತಿಬಿಡುತ್ತಾರೆ. ಸ್ವಲ್ಪ ತಡೆಯಿರಿ! ಅಲ್ಲಿಂದ ಸುಮಾರು ಎಪ್ಪತ್ತೈದು ಕಿಲೋಮೀಟರ್ ದೂರದಲ್ಲಿ, ವಾರ್ಧಾದ ಆಚೆಗೆ, ಹತ್ತಿ ಹೊಲಗಳ ನಡುವೆ ಒಂದು ಮನೆಯಿದೆ. ಮಣ್ಣಿನ ಗೋಡೆ, ಬಿದಿರಿನ ತಡಿಕೆ, ಮೇಲೆ ನಾಡಹೆಂಚು. ನಮ್ಮ ಹಳ್ಳಿಯ ಕಡೆ ಇಂಥ ಮನೆಯನ್ನು ಕೆಡವಿ ಆರ್‌ಸಿಸಿ ಹಾಕಿಸಿದರೇ ಮರ್ಯಾದೆ. ಆದರೆ ಒಂದು ಕಾಲದಲ್ಲಿ ಇಡೀ ಕಾಂಗ್ರೆಸ್ಸು ಈ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಇದು ಸೇವಾಗ್ರಾಮ, ಗಾಂಧೀಜಿಯ ಮನೆ.

1930ರಲ್ಲಿ ದಂಡಿಗೆ ಹೊರಟಾಗ, ಸ್ವರಾಜ್ಯ ಸಿಗುವವರೆಗೆ ಸಾಬರಮತಿಗೆ ಮರಳುವುದಿಲ್ಲ ಎಂದು ಅವರು ಶಪಥ ಮಾಡಿದ್ದರು. ಹಾಗಾದರೆ ಇರುವುದೆಲ್ಲಿ? ವಾರ್ಧಾಕ್ಕೆ ಕರೆತಂದವರು ಜಮನಾಲಾಲ್ ಬಜಾಜ್. ಹೌದು, ನಮ್ಮ ಅಪ್ಪಂದಿರು ಓಡಿಸುತ್ತಿದ್ದ ಸ್ಕೂಟರಿನ ಮೇಲಿದ್ದ ಅದೇ ಬಜಾಜ್ ಹೆಸರಿನ ಮೂಲಪುರುಷ. ಈ ಹಳ್ಳಿಯ ಜಮೀನ್ದಾರರೂ ಅವರೇ. 1936ರ ಏಪ್ರಿಲ್ 30ರಂದು ಗಾಂಧೀಜಿ ಇಲ್ಲಿಗೆ ಕಾಲಿಟ್ಟರು; ವಯಸ್ಸು ಅರವತ್ತಾರು. ಕೆಲವೇ ದಿನಗಳಲ್ಲಿ, ಆರೋಗ್ಯ ಸುಧಾರಿಸಿಕೊಳ್ಳಲು ಹೊರಟದ್ದು ಎಲ್ಲಿಗೆ ಗೊತ್ತೇ? ನಮ್ಮ ನಂದಿಬೆಟ್ಟಕ್ಕೆ! ಅಲ್ಲಿಯ ತಂಪಿನಿಂದ ಮತ್ತೆ ಈ ವಿದರ್ಭದ ಕೆಂಡದೊಳಕ್ಕೆ. ಆಗ ಊರಿನ ಹೆಸರು ಶೇಗಾಂವ್. ಗಜಾನನ ಮಹಾರಾಜರ ಶೇಗಾಂವ್ ಬೇರೆ ಇತ್ತಲ್ಲ, ಕಾಗದಗಳೆಲ್ಲ ಅಲ್ಲಿಗೆ ಹೋಗಿ ಕೂರುತ್ತಿದ್ದವು. 1940ರಲ್ಲಿ ಹೆಸರು ಬದಲಾಯಿತು.

ಮನೆ ಕಟ್ಟಲು ಅವರು ಹಾಕಿದ ಷರತ್ತು ಕೇಳಿದರೆ ಯಾವ ಮೇಸ್ತ್ರಿಯೂ ಓಡಿಹೋದಾನು. ಖರ್ಚು ನೂರು ರೂಪಾಯಿ ದಾಟಬಾರದು, ಸಾಮಾನು ಸುತ್ತಮುತ್ತಲಿನದೇ ಆಗಿರಬೇಕು, ಕೆಲಸದವರು ಊರವರೇ ಆಗಿರಬೇಕು. (ಖರ್ಚೇನೋ ದಾಟಿತು. ಮನೆ ಕಟ್ಟುವಾಗ ಮಹಾತ್ಮನ ಲೆಕ್ಕವೂ ತಪ್ಪುತ್ತದೆ ಎಂಬುದು ನನಗೆ ಬಹಳ ಸಮಾಧಾನ ತಂದ ಸಂಗತಿ.) ಮೊದಲು ಎದ್ದದ್ದು ಆದಿ ನಿವಾಸ. ಅವರು ಹೆಚ್ಚು ಕಾಲ ಇದ್ದ ಬಾಪು ಕುಟಿ ಅವರ ಶಿಷ್ಯೆ ಮೀರಾಬೆನ್ ತಮಗಾಗಿ ಕಟ್ಟಿಸಿಕೊಂಡದ್ದು. ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಒಬ್ಬರ ಮಗಳು ಆಕೆ! ಒಳಗೆ ಗೋಡೆ ನೋಡಿ: ತಾಳೆಮರ, ಚರಕ, ಎಲ್ಲವೂ ಹಸಿಮಣ್ಣಿನಲ್ಲಿ ಉಬ್ಬಿಸಿ ತೆಗೆದವು, ಆಕೆಯ ಕೈಯವೇ.

ಹತ್ತಿರ ಹೋಗಿ ನೋಡಬೇಕಾದದ್ದು ಅವರು ಕೂರುತ್ತಿದ್ದ ಮೂಲೆ. ನೆಲದ ಮೇಲೊಂದು ಚಾಪೆ, ಒರಗಲು ಹಲಗೆಗೆ ಆನಿಸಿದ ಬಿಳಿ ದಿಂಬು, ಮುಂದೆ ಗಿಡ್ಡ ಡೆಸ್ಕು. ಅಲ್ಲೇ ಮೂರು ಕೋತಿಗಳ ಪುಟಾಣಿ ಗೊಂಬೆ. ಇಷ್ಟೇ ಆಫೀಸು. ಬಂದವರು ಯಾರೇ ಆಗಲಿ, ನೆಲವೇ ಗತಿ.

ಮತ್ತೊಂದು ಸೋಜಿಗ ಆಶ್ರಮದ ದಫ್ತರಿನಲ್ಲಿದೆ. ಟೆಲಿಫೋನ್! ಬೇಕೆಂದಾಗ ಗಾಂಧಿಯೊಡನೆ ಮಾತಾಡಲು ಆಗಬೇಕಲ್ಲ ಎಂದು ವೈಸ್‌ರಾಯ್ ಲಿನ್‌ಲಿತ್‌ಗೋ ಹಾಕಿಸಿಕೊಟ್ಟದ್ದು. ತಂತಿಯ ಆ ತುದಿಯಲ್ಲಿ ದೆಹಲಿಯ ಮುನ್ನೂರ ನಲವತ್ತು ಕೋಣೆಗಳ ಅರಮನೆ, ಈ ತುದಿಯಲ್ಲಿ ಸಗಣಿ ಸಾರಿಸಿದ ನೆಲ. ಅಲ್ಲೇ ಹಾವಿನ ಪೆಟ್ಟಿಗೆ, ಜೊತೆಗೊಂದು ಉದ್ದನೆಯ ಮರದ ಇಕ್ಕಳ. ಹೊಲದ ನಡುವಿನ ಮನೆ, ಹಾವು ಬರದೇ ಇರುತ್ತದೆಯೇ? ಹಿಡಿದು ಪೆಟ್ಟಿಗೆಗೆ ಹಾಕು, ದೂರ ಬಿಟ್ಟು ಬಾ, ಕೊಲ್ಲುವಂತಿಲ್ಲ. ಸಾಮ್ರಾಜ್ಯಕ್ಕೊಂದು ಫೋನು, ಹಾವಿಗೊಂದು ಪೆಟ್ಟಿಗೆ!

ಬಿಸಿಲಿನ ಕಥೆಯನ್ನು ಅಮೆರಿಕದ ಪತ್ರಕರ್ತ ಲೂಯಿ ಫಿಶರ್ ಹೇಳಿದ್ದಾರೆ. 1942ರ ಜೂನ್‌ನಲ್ಲಿ ಅವರು ಇಲ್ಲಿ ಒಂದು ವಾರ ಇದ್ದರು. ಸೆಖೆ ತಾಳಲಾರದೆ ನೀರು ತುಂಬಿದ ತಗಡಿನ ತೊಟ್ಟಿಯೊಳಗೆ ಮರದ ಪೆಟ್ಟಿಗೆ ಇಟ್ಟುಕೊಂಡು ಕೂತು, ಎದುರಿಗೆ ಇನ್ನೊಂದು ಪೆಟ್ಟಿಗೆಯ ಮೇಲೆ ಟೈಪ್‌ರೈಟರ್ ಇಟ್ಟುಕೊಂಡು ಗಾಂಧಿಯ ಮಾತುಗಳನ್ನು ಬೆರಳಚ್ಚು ಮಾಡಿದರಂತೆ. ಮರುತಿಂಗಳು 14ರಂದು ವಾರ್ಧಾದಲ್ಲಿ ಸೇರಿದ ಕಾಂಗ್ರೆಸ್ ಕಾರ್ಯಕಾರಿ ಸಮಿತಿ, ಬ್ರಿಟಿಷರು ತೊಲಗಬೇಕು ಎಂಬ ನಿರ್ಣಯ ಮಾಡಿತು. ಆಗಸ್ಟ್‌ನಲ್ಲಿ ಮುಂಬೈ ಗುಡುಗಿತು. ಸಿಡಿಲು ಕೂಡಿದ್ದು ಈ ಹೊಲಗಳ ಮೇಲೆ.

ಸುತ್ತಲಿನ ಆವರಣವೇ ಒಂದು ಲೋಕ. ಗಾಂಧಿ ನೆಟ್ಟ ಅರಳಿಮರ, ಕಸ್ತೂರಬಾ ನೆಟ್ಟ ಬಕುಳ, ಕಾರ್ಯದರ್ಶಿ ಮಹಾದೇವ ದೇಸಾಯಿಯವರ ಕುಟೀರ, ಪ್ರಾರ್ಥನೆಯ ಬಯಲು. ಪರಚುರೆ ಕುಟಿಯ ಮುಂದೆ ಮಾತ್ರ ನಿಲ್ಲದೆ ಮುಂದೆ ಹೋಗಬೇಡಿ. ಪರಚುರೆ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ಕುಷ್ಠರೋಗಿ. ಜನ ಮೈಲಿ ದೂರ ಸರಿಯುತ್ತಿದ್ದ ಕಾಲದಲ್ಲಿ ಅವರಿಗೆ ಇಲ್ಲೇ ಮನೆ ಮಾಡಿಸಿ, ಗಾಂಧಿ ತಾವೇ ಮೈ ತಿಕ್ಕುತ್ತಿದ್ದರು.

ಇಷ್ಟೆಲ್ಲ ನೋಡಿದ ಮೇಲೆ ತಲೆಗೆ ಹೊಳೆಯುವ ಸಂಗತಿಯೊಂದಿದೆ: ಈ ಖಾಸಗಿ ಮನೆಯಲ್ಲಿ ಖಾಸಗಿ ಎಂಬುದೇ ಇರಲಿಲ್ಲ! ಆದಿ ನಿವಾಸದಲ್ಲಿದ್ದದ್ದು ಒಂದೇ ದೊಡ್ಡ ಕೋಣೆ. ಅದರಲ್ಲೇ ಗಾಂಧಿ, ಕಸ್ತೂರಬಾ, ಬಂದುಹೋಗುವವರು ಎಲ್ಲರೂ. ಗಾಂಧಿಗೆ ಅದು ಸಹಜ. ಬಾ ಅವರಿಗೆ? ಬಟ್ಟೆ ಬದಲಿಸಲೂ ಮರೆ ಇಲ್ಲದ ಮನೆಯಲ್ಲಿ ಹೆಣ್ಣುಮಗಳು ಬದುಕುವುದು ಹೇಗೆ? ಅದನ್ನು ಗಮನಿಸಿದ್ದು ಗಂಡನಲ್ಲ, ಬಜಾಜ್. ಅವರು ಕಟ್ಟಿಸಿಕೊಟ್ಟದ್ದೇ ಪಕ್ಕದ ಬಾ ಕುಟಿ. ಪುಟ್ಟದು, ಮಣ್ಣಿನದೇ, ಆದರೆ ಬಾಗಿಲು ಹಾಕಿಕೊಳ್ಳಬಹುದಾದದ್ದು. ಇಡೀ ಆಶ್ರಮದಲ್ಲಿ ನನಗೆ ಬಲು ಇಷ್ಟವಾದ ಮನೆ ಇದೇ. ಆಕೆಗೆ ಅದರ ಸುಖ ಬಹಳ ದಿನ ಸಿಗಲಿಲ್ಲ. 1942ರ ಆಗಸ್ಟ್‌ನಲ್ಲಿ ಬಂಧನ. 1944ರ ಫೆಬ್ರುವರಿ 22ರಂದು ಪುಣೆಯ ಆಗಾಖಾನ್ ಅರಮನೆಯಲ್ಲೇ ಕೊನೆಯುಸಿರು.

ಸೇವಾಗ್ರಾಮದ ಕೊನೆಯ ದಿನಗಳಲ್ಲಿ ಗಾಂಧಿ ಇದ್ದದ್ದು ಆಖರಿ ನಿವಾಸದಲ್ಲಿ. ಅದು ಬಜಾಜ್ ತಮಗೆಂದು ಕಟ್ಟಿಸಿದ್ದ ಮನೆ. ಕೋಟ್ಯಧಿಪತಿಯದೂ ಇಲ್ಲಿ ಮಣ್ಣಿನದೇ! 1946ರ ಆಗಸ್ಟ್ 25ರಂದು ಗಾಂಧಿ ದೆಹಲಿಗೆ ಹೊರಟವರು ಮತ್ತೆ ಬರಲಿಲ್ಲ.

ಇಂಥ ಮನೆಯಲ್ಲಿ ಕಳ್ಳನಿಗೇನು ಸಿಕ್ಕೀತು? ಸಿಕ್ಕಿದೆ! ಪ್ರದರ್ಶನಕ್ಕಿಟ್ಟಿದ್ದ ಗಾಂಧಿಯ ಕನ್ನಡಕವೇ ಮಾಯವಾದ ಸುದ್ದಿ 2011ರಲ್ಲಿ ದೇಶವಿಡೀ ಹರಡಿತು.

ಹೋಗುವುದಾದರೆ ನಾಗಪುರದಿಂದ ರೈಲಿನಲ್ಲಿ ಸೇವಾಗ್ರಾಮ ಸ್ಟೇಷನ್ನಿಗೆ ಇಳಿಯಿರಿ, ಅಲ್ಲಿಂದ ಆಟೋ. ಡಿಸೆಂಬರ್, ಜನವರಿ ಒಳ್ಳೆಯದು. ಮೇ ತಿಂಗಳಲ್ಲಿ ಹೊರಡುವವರು ತೊಟ್ಟಿ ಜೊತೆಗೇ ಒಯ್ಯಿರಿ.